ಔನೆ ಅಜ್ಜಿಯ ಫೋಟೋದ ತಾರೀಕು

ಜೂನ್ 23, ಸೋಮವಾರ. ಹಬ್ಬದ ರಜೆ ಮುಗಿದು ಠಾಣೆ ಬಾಗಿಲು ತೆರೆಯುವಷ್ಟರಲ್ಲಿ ರೆಸಾರ್ಟ್ ಮ್ಯಾನೇಜರ್ ಕ್ರಿಸ್ಟರ್ ವೆಸ್ಟ್‌ಮನ್ ದೂರು ಹಿಡಿದು ನಿಂತಿದ್ದ. ಶುಕ್ರವಾರ ರಾತ್ರಿ, ಪೂರ್ತಿ ಕತ್ತಲೇ ಆಗದ ನಡುಬೇಸಿಗೆ ಹಬ್ಬದಲ್ಲಿ, ಊರೆಲ್ಲ ಬೆಂಕಿಯ ಸುತ್ತ ಕೂತಿದ್ದಾಗ, ಸರೋವರದ ದಡದಲ್ಲಿ ರೆಸಾರ್ಟ್ ಕಂಪನಿ ಹೊಸದಾಗಿ ಕಟ್ಟಿದ್ದ ದೋಣಿಕಟ್ಟೆಯ ಕಂಬಗಳನ್ನು ಯಾರೋ ಗರಗಸದಿಂದ ಕೊಯ್ದಿದ್ದರು.

"ಅನುಮಾನ ಯಾರ ಮೇಲೆ?" ಇನ್‌ಸ್ಪೆಕ್ಟರ್ ಇರ್ಯಾ ವೌಹ್ಕೊನೆನ್ ಕೇಳಿದಳು.

"ಔನೆ ಮುದುಕಿ ಮೇಲೆ. ದಡಕ್ಕೆ ನಾವು ಗೇಟ್ ಹಾಕಿದ ದಿನ ಒದ್ದೆ ಜಮಖಾನ ತಗೊಂಡು ನನ್ನ ಮುಖಕ್ಕೇ ಬೀಸಿದ್ಳು!"

ಕಾನ್‌ಸ್ಟೇಬಲ್ ಒಕ್ಕೊ ನಗು ನುಂಗಿಕೊಂಡ. ಎಫ್‌ಐಆರ್ ಆಯಿತು. ದಡದಲ್ಲಿ ಮಹಜರೂ ಆಯಿತು. ಊರವರ ಬಾಯಿಗೆ ಮಾತ್ರ ಬೀಗ.

ಬುಧವಾರ ಔನೆ ತಾನೇ ಠಾಣೆಗೆ ಬಂದಳು. ಕೈಯಲ್ಲಿ ಪೆನ್‌ಡ್ರೈವ್.

"ಹಬ್ಬದ ರಾತ್ರಿ ನಾನು ಇಲ್ಲಿರ್ಲೇ ಇಲ್ಲ ಕಣಮ್ಮ. ಇನ್ನೂರು ಕಿಲೋಮೀಟರ್ ಆಚೆ, ತಂಗಿ ಮನೇಲಿ. ಫೋಟೋ ನೋಡ್ಕೋ."

ಒಕ್ಕೊ ಫೋಲ್ಡರ್ ತೆರೆದು ಫೈಲಿನ ವಿವರ ನೋಡಿದ. ತೆಗೆದ ದಿನಾಂಕ: ಜೂನ್ 20, ರಾತ್ರಿ 10:40. ಕ್ಯಾಮೆರಾ ತಂಗಿಯದ್ದೇ. ಚಿತ್ರದಲ್ಲಿ ತಂಗಿಯ ಅಂಗಳ, ಬಾವುಟದ ಕಂಬ, ಕಾಫಿ ಲೋಟ ಹಿಡಿದ ಔನೆ.

"ಸರಿಯಾಗೇ ಇದೆ ಮೇಡಂ. ಆದ್ರೆ ಫೈಲ್ ಬದಲಾಗಿರೋದು ನಿನ್ನೆ."

"ಸ್ವಲ್ಪ ಬೆಳಕು ಮಾಡ್ದೆ. ಅದೂ ಅಪರಾಧಾನಾ?"

ಇರ್ಯಾ ಫೈಲಿನ ನಕಲು ಮಾಡಿದಳು. ಅದೇ ವಿವರಗಳ ಕಿಟಕಿಯಲ್ಲಿ ದಿನಾಂಕದ ಮೇಲೆ ಒತ್ತಿ, 2001 ಎಂದು ಟೈಪ್ ಮಾಡಿ, ಉಳಿಸಿದಳು. ಕಂಪ್ಯೂಟರ್ ಚಕಾರವೆತ್ತದೆ ಒಪ್ಪಿಕೊಂಡಿತು.

"ನೋಡಿ ಅಜ್ಜಿ, ಇಪ್ಪತ್ನಾಲ್ಕು ವರ್ಷ ಚಿಕ್ಕವರಾದ್ರಿ."

"ಮಾಡ್ಬಹುದು ಅಂದ್ರೆ ನಾನೇ ಮಾಡ್ದೆ ಅಂತಾನಾ?" ಔನೆ ಗದ್ದ ಮುಂದೆ ಮಾಡಿದಳು.

ಮಾತು ನ್ಯಾಯವೇ. ಇರ್ಯಾ ಚಿತ್ರವನ್ನು ಮತ್ತೆ ದೊಡ್ಡದು ಮಾಡಿದಳು. ಬಾವುಟದ ಕಂಬ ಬೋಳಾಗಿತ್ತು.

"ನಿಮ್ಮ ತಂಗಿ ನಡುಬೇಸಿಗೆ ರಾತ್ರಿ ಬಾವುಟ ಏರಿಸಲ್ವಾ?"

ಔನೆ ಉರಿದೆದ್ದಳು. "ಏನಂದೆ? ನಮ್ಮ ಮನೆತನದಲ್ಲಿ ಆ ರಾತ್ರಿ ಬಾವುಟ ಇಳಿದದ್ದೇ ಇಲ್ಲ! ಬೆಳಗಿನ ತನಕ—"

ಅಲ್ಲಿಗೇ ನಿಂತಳು. ಒಕ್ಕೊ ಪರದೆ ಕಡೆ ನೋಡಿದ, ಆಮೇಲೆ ಅವಳ ಕಡೆ.

"ಥೂ," ಎಂದಳು ಔನೆ. "ಹೋದ ತಿಂಗಳು ತೆಗೆದದ್ದು. ಹೂಂ, ಕೊಯ್ದವಳು ನಾನೇ. ಗರಗಸ ಸೌನಾ ಹಬೆಮನೆ ಹಿಂದೆ ಇದೆ, ತಗೊಂಡು ಬಾ."

"ಮುಖಕ್ಕೆ ಜಮಖಾನ ಬೀಸೋವಷ್ಟು ಧೈರ್ಯ ಇರೋರಿಗೆ ಈ ಸುಳ್ಳು ಫೋಟೋ ಯಾಕೆ?" ಒಕ್ಕೊ ಕೇಳಿದ.

"ಒಳಗೆ ಹಾಕಿದ್ರೆ ಅವನ ಗೇಟ್ ಯಾರಪ್ಪ ಕೊಯ್ತಾನೆ? ಅದಿನ್ನೂ ಬಾಕಿ ಇತ್ತು!"

ಮಧ್ಯಾಹ್ನ ಅವಳನ್ನು ದಸ್ತಗಿರಿ ಮಾಡಲಾಯಿತು. ದೋಣಿಕಟ್ಟೆ ಎದ್ದ ಜಾಗದಲ್ಲಿ ಮೊದಲು ಊರಿನವರು ಜಮಖಾನ ತೊಳೆಯುವ ಮರದ ಕಟ್ಟೆಯಿತ್ತು. ಅವಳ ಅಜ್ಜಿ, ಅಮ್ಮ, ಊರಿನ ಹೆಂಗಸರೆಲ್ಲ ಪ್ರತಿ ಬೇಸಿಗೆಯಲ್ಲಿ ಅಲ್ಲಿ ಮಂಡಿಯೂರಿ, ಬ್ರಷ್ ಹಿಡಿದು ಉಜ್ಜುತ್ತಾ ವರ್ಷದ ಸುಖದುಃಖ ಮಾತಾಡಿಕೊಳ್ಳುತ್ತಿದ್ದರು. ಕಂಪನಿ ದಡ ಕೊಂಡುಕೊಂಡು ಅದನ್ನು ಕಿತ್ತು ಸೌದೆ ಮಾಡಿತ್ತು. ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ.

ಸಹಿಗೆಂದು ಒಕ್ಕೊ ಹೇಳಿಕೆ ಮುಂದಿಟ್ಟ. ಕೊನೆಯಲ್ಲಿ, ಶಿಕ್ಷೆ ಕಡಿಮೆಯಾಗಲಿ ಎಂದು, 'ಮಾಡಿದ್ದಕ್ಕೆ ಪಶ್ಚಾತ್ತಾಪವಿದೆ' ಎಂದು ತಾನೇ ಸೇರಿಸಿದ್ದ.

ಔನೆ ಕನ್ನಡಕ ಏರಿಸಿ ಓದಿದಳು. ಆ ಸಾಲನ್ನು ಎರಡು ಸಲ ಹೊಡೆದುಹಾಕಿ, ಕೆಳಗೆ ದೊಡ್ಡದಾಗಿ ಸಹಿ ಮಾಡಿದಳು.