ಜೀಪು ಕಳಿಸುತ್ತೇನೆ ಎಂದ ದನಿ

ದಿನಾಂಕ 24-11-2004, ಬುಧವಾರ ಬೆಳಿಗ್ಗೆ 9.15ಕ್ಕೆ ಹೊನ್ನವಳ್ಳಿ ಪೊಲೀಸ್ ಠಾಣೆಗೆ ಕ್ಯಾತಮ್ಮ ಎಂಬ ಹೆಂಗಸು ಬಂದಳು. ಗೊಲ್ಲರಹಟ್ಟಿಯವಳು. ಎರಡು ದಿನದ ಹಿಂದೆ, ಸೋಮವಾರ, ಅವಳ ಗಂಡ ಗೊಲ್ಲರಪ್ಪ ತೆಂಗಿನ ಮರದಿಂದ ಬಿದ್ದು ತೀರಿಕೊಂಡಿದ್ದ. ಅದು ಅಸ್ವಾಭಾವಿಕ ಮರಣವೆಂದು ದಾಖಲಾಗಿ, ಪಂಚನಾಮೆಯೂ ಮುಗಿದಿತ್ತು. ಸಬ್ ಇನ್‌ಸ್ಪೆಕ್ಟರ್ ಹಾಲಸ್ವಾಮಿ ಆ ಕಡತವನ್ನು ಕಟ್ಟಿಡುವ ಯೋಚನೆಯಲ್ಲಿದ್ದರು.

"ನಂದೊಂದು ಕಂಪ್ಲೇಂಟು ಬರ್ಕಳಿ ಸಾಮಿ," ಎಂದಳು ಕ್ಯಾತಮ್ಮ.

"ಯಾರ ಮೇಲಮ್ಮ?"

"ಶಂಭುಲಿಂಗಯ್ಯನೋರ ಮೇಲೆ."

ಕಾನ್‌ಸ್ಟೇಬಲ್ ಓಬಳೇಶ್ ಬರೆಯಲು ತೆಗೆದ ಪೆನ್ನನ್ನು ಹಾಗೇ ಹಿಡಿದು ಸಾಹೇಬರ ಮುಖ ನೋಡಿದ. ಶಂಭುಲಿಂಗಯ್ಯ ತಿಪಟೂರಿನಲ್ಲಿ ದೊಡ್ಡ ಕೊಬ್ಬರಿ ಮಂಡಿ ಇಟ್ಟುಕೊಂಡಿರುವವರು. ಗೊಲ್ಲರಪ್ಪ ಬಿದ್ದದ್ದು ಅವರದೇ ತೋಟದಲ್ಲಿ.

"ಬಿದ್ದಾಗ ಉಸ್ರಿತ್ತು, ಮಾತೂ ಆಡ್ತಿದ್ದ. ಜೊತೇಲಿ ಕಾಯಿ ಕೀಳ್ತಿದ್ದ ಗಿಡ್ಡಯ್ಯ ಓಡೋಗಿ ಕಾಯಿನ್ ಬೂತಿಂದ ಮಂಡಿಗೆ ಫೋನ್ ಮಾಡ್ದ. ಜೀಪ್ ಕಳಿಸ್ತೀನಿ, ಅಲ್ಲೇ ಇರಿ ಅಂದ್ರಂತೆ ಸಾವ್ಕಾರ್ರು. ಅಷ್ಟರಲ್ಲಿ ಒಂದು ಲಗೇಜ್ ಆಟೋ ಬಂತು. ಹತ್ತಿಸಿ ಅಂದ ಆಟೋದವ್ನು. ನಾನೇ ಬ್ಯಾಡ ಅಂದೆ. ಆಟೋ ಕುಲುಕ್ತದೆ, ಜೀಪು ಬತ್ತದೆ ಬುಡಪ್ಪ ಅಂತ ಕಳಿಸ್ಬಿಟ್ಟೆ." ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಜೀಪು ಬರ್ಲೇ ಇಲ್ಲ. ಹನ್ನೊಂದಕ್ಕೆ ಟ್ರಾಕ್ಟರ್ ಸಿಕ್ತು, ದಾರೀಲೇ ಹೋಗ್ಬುಟ್ಟ. ಹಟ್ಟೀಲಿ ನನ್ನನ್ನೇ ಅಂತಾರೆ, ನೀನೇ ಆಟೋ ಕಳಿಸ್ದೆ, ನೀನೇ ಕೊಂದೆ ಅಂತ. ಜೀಪು ಹೊರಟಿತ್ತಾ ಇಲ್ವಾ, ಅದೊಂದು ತಿಳಿಸ್ಕೊಡಿ ಸಾಮಿ."

ಹಾಲಸ್ವಾಮಿ ಎಫ್‌ಐಆರ್ ದಾಖಲಿಸಿದರು. ಶವಪರೀಕ್ಷೆ ಮಾಡಿದ ವೈದ್ಯರಿಗೆ ಫೋನ್ ಮಾಡಿ ಕೇಳಿದರು. ಹೊಟ್ಟೆಯೊಳಗೆ ರಕ್ತ ಸೋರಿ ಸತ್ತಿದ್ದಾನೆ, ಅರ್ಧ ಮುಕ್ಕಾಲು ಗಂಟೆ ಮೊದಲೇ ತಂದಿದ್ದರೆ ಉಳಿಸಬಹುದಿತ್ತೇನೋ ಎಂದರು ವೈದ್ಯರು.

ಮಧ್ಯಾಹ್ನ 12.30ಕ್ಕೆ ಹಾಲಸ್ವಾಮಿ, ಓಬಳೇಶ್ ಮಂಡಿಗೆ ಹೋದರು. ಶಂಭುಲಿಂಗಯ್ಯ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿದ್ದರು. ಅರವತ್ತು ದಾಟಿದ, ಮೈ ತುಂಬಿಕೊಂಡ ಮನುಷ್ಯ. ಆರೋಪ ಕೇಳಿ ಗಾದಿಯಿಂದ ಎದ್ದೇಬಿಟ್ಟರು.

"ನನಗೆ ಫೋನೇ ಬರ್ಲಿಲ್ಲ ಕಣ್ರೀ! ಅವತ್ತು ಕಾರ್ತಿಕ ಸೋಮವಾರ. ಪೂಜೆ ಮುಗಿಯೋವರ್ಗೂ ನಾನು ಯಾರ ಹತ್ರಾನೂ ಮಾತಾಡಲ್ಲ. ಹನ್ನೊಂದು ಗಂಟೆಗೆ ಬಾಯಿ ಬಿಡೋದು. ತಾಲೂಕಿಗೇ ಗೊತ್ತು."

"ಗಿಡ್ಡಯ್ಯನ ಹತ್ರ ಮಾತಾಡಿದ್ಯಾರು ಹಂಗಾದ್ರೆ?"

"ನಾನಲ್ಲ. ಜೀಪು ಬಾಗಿಲಲ್ಲೇ ನಿಂತಿತ್ತು. ಗೊತ್ತಾಗಿದ್ರೆ ಕಳಿಸ್ತಿರ್ಲಿಲ್ವಾ?"

ಗಿಡ್ಡಯ್ಯನನ್ನು ಕರೆಸಿ ಕೇಳಿದ್ದಾಯಿತು. ಅವನು ಹುಟ್ಟಿದಾಗಿನಿಂದ ಸಾಹುಕಾರರೊಂದಿಗೆ ಫೋನಿನಲ್ಲಿ ಮಾತಾಡಿದವನಲ್ಲ. ಗಂಡಸಿನ ದಪ್ಪ ದನಿ, "ನಾನೇ ಶಂಭುಲಿಂಗಯ್ಯ" ಎಂದಿತು, ಅಷ್ಟೇ. 10.31ಕ್ಕೆ ಮತ್ತೆ ಮಾಡಿದಾಗ "ಹೊರಟೈತೆ" ಎಂದಿತು. ಮೂರನೇ ಸಲ ಎತ್ತಲೇ ಇಲ್ಲ. ಹೊತ್ತು ಅವನಿಗೆ ಹೇಗೆ ಗೊತ್ತೆಂದರೆ, ಬೂತಿನ ಅಂಗಡಿಯ ಗಡಿಯಾರವನ್ನೇ ನೋಡುತ್ತಾ ನಿಂತಿದ್ದ.

ಮಂಡಿಯಲ್ಲಿ ಫೋನ್ ಎತ್ತುವುದು ವನಿತಾ ಎಂಬ ಹುಡುಗಿಯ ಕೆಲಸ. ಅವಳ ಮೇಜಿನ ಮೇಲೆ ದೀಪಗಳಿರುವ ದೊಡ್ಡ ಫೋನು, ಹಿಂದೆ ಗೋಡೆಗೆ ಇಂಟರ್‌ಕಾಮ್ ಪೆಟ್ಟಿಗೆ. ಹೊರಗಿನ ಲೈನು ಎರಡು. ಒಂದರ ನಂಬರು ಊರಿಗೆಲ್ಲ ಗೊತ್ತು, ಇನ್ನೊಂದನ್ನು ಯಾರಿಗೂ ಕೊಟ್ಟಿಲ್ಲ.

"ಸೋಮವಾರ ಹತ್ತು ಗಂಟೆಗೆ ಎಲ್ಲಿದ್ದೆಮ್ಮ?"

"ಇಲ್ಲೇ ಸರ್. ಏಳಲೇ ಇಲ್ಲ."

"ಫೋನ್ ಬಂತಾ?"

"ಒಂಬತ್ತೂವರೆ ಆದ್ಮೇಲೆ ಒಂದೂ ಬರ್ಲಿಲ್ಲ ಸರ್." ಅವಳು ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಆದ್ರೆ ದೀಪ ಹತ್ತಿತ್ತು. ಎರಡೂ ಲೈನಿಂದು, ಒಟ್ಟೊಟ್ಟಿಗೆ. ಗಂಟೆ ಹೊಡೀಲಿಲ್ಲ, ಇಲ್ಯಾರೂ ಮಾತಾಡ್ತಿರ್ಲಿಲ್ಲ. ಸಾವ್ಕಾರ್ರು ದೆಹಲಿಗೆ ಹೋದಾಗ ಹಂಗಾಗ್ತದೆ. ಮಂಡಿಗೆ ಬಂದ ಫೋನನ್ನ ಪೆಟ್ಟಿಗೇನೇ ಇನ್ನೊಂದು ಲೈನಲ್ಲಿ ಅವರ ಮೊಬೈಲಿಗೆ ಕಳಿಸ್ತದೆ. ಅವತ್ತು ಇವರು ಊರಲ್ಲೇ ಇದ್ರಲ್ಲ, ಕೆಟ್ಟೋಯ್ತೇನೋ ಅಂದ್ಕೊಂಡೆ. ಹೇಳಿದ್ರೆ ನಾನೇ ಕೆಡಿಸ್ದೆ ಅಂತಾರೆ ಅಂತ ಸುಮ್ನಿದ್ದೆ. ತಪ್ಪಾಯ್ತು ಸರ್."

"ಹಂಗೆ ತಿರುಗಿಸೋದು ಹೆಂಗೆ? ಇಲ್ಲಿಗೆ ಬಂದೇ ಮಾಡ್ಬೇಕಾ?"

"ಬೇಡ ಸರ್. ಎಲ್ಲಿದ್ರೂ ಮೊಬೈಲಿಂದ ಎರಡನೇ ನಂಬರಿಗೆ ಮಾಡಿದ್ರೆ ಪೆಟ್ಟಿಗೇನೇ ಎತ್ಕೊಂಡು ಕುಂಯ್ ಅಂತದೆ. ಗುಟ್ಟಿನ ನಂಬರು ಒತ್ತಿ, ಯಾವ ಫೋನಿಗೆ ಹೋಗ್ಬೇಕೋ ಅದನ್ನ ಒತ್ತೋದು. ವಾಪಸ್ ತೆಗೆಯೋದೂ ಹಂಗೇ."

"ಗುಟ್ಟಿನ ನಂಬರು ಯಾರಿಗೆ ಗೊತ್ತು?"

"ಸಾವ್ಕಾರ್ರಿಗೆ."

ಶಂಭುಲಿಂಗಯ್ಯ ಗತ್ತಿನಿಂದಲೇ ಒಪ್ಪಿಕೊಂಡರು. "ಹೌದು, ನಾನೇ ತಿರುಗಿಸ್ಕೋತೀನಿ. ದೆಹಲೀಲಿ ಕೂತು ತಿಪಟೂರಿನ ಫೋನ್ ಆಡಿಸ್ತೀನಿ." ಹೇಳಿದ ಮೇಲೆ ಅದು ತಮಗೇ ಉರುಳಾದೀತೆಂದು ಹೊಳೆದು ಬಾಯಿ ಮುಚ್ಚಿಕೊಂಡರು. ಪಾಪ, ಜಂಬಕ್ಕೂ ಒಂದು ಹೊತ್ತುಗೊತ್ತು ಇರಬೇಕು.

ಹೊರಬಂದ ಮೇಲೆ ಓಬಳೇಶ್ ಹೇಳಿದ, "ಇನ್ನೇನ್ ಸಾರ್, ಇವರ್ದೇ ಕೆಲ್ಸ. ಪೂಜೆ ಗೀಜೆ ಎಲ್ಲ ನೆಪ." ಜೀಪು ಕಳಿಸುವ ಮನಸ್ಸಿಲ್ಲದವನು ಇಲ್ಲವೆಂದುಬಿಡುತ್ತಿದ್ದ. ಕಳಿಸುತ್ತೇನೆಂದು ಎರಡು ಸಲ ಸುಳ್ಳು ಹೇಳಿ ಅವನಿಗೆ ಆಗಬೇಕಾದ್ದೇನು ಎಂಬುದು ಹಾಲಸ್ವಾಮಿಗೆ ಬಗೆಹರಿಯಲಿಲ್ಲ.

29-11-2004ರಂದು ಟೆಲಿಫೋನ್ ಎಕ್ಸ್‌ಚೇಂಜಿನಿಂದ ಪಟ್ಟಿ ಬಂತು. ಸೋಮವಾರ ಬೆಳಿಗ್ಗೆ ಮಂಡಿಯ ಎರಡನೇ ಲೈನಿನಿಂದ ಐದು ಕರೆ ಹೊರಗೆ ಹೋಗಿದ್ದವು: 10.03, 10.12, 10.31, 10.44, 10.50. ಐದೂ ಒಂದೇ ಮೊಬೈಲಿಗೆ. ಆ ನಂಬರು ಶಂಭುಲಿಂಗಯ್ಯನವರದಲ್ಲ. ಹಾಲಸ್ವಾಮಿ ಅದಕ್ಕೆ ಕರೆ ಮಾಡಿದರೆ ಸ್ವಿಚ್ ಆಫ್. ಮೊಬೈಲ್ ಕಂಪನಿಗೆ ಪತ್ರ ಬರೆದದ್ದಕ್ಕೆ, ಸಿಮ್ ಮಾರಿದ ಅಂಗಡಿಯವನ ಹೆಸರಲ್ಲೇ ನೋಂದಣಿಯಾಗಿದೆ ಎಂಬ ಉತ್ತರ ಬಂತು. ಅಂಗಡಿಯವನಿಗೆ ಯಾರಿಗೆ ಮಾರಿದೆನೆಂಬ ನೆನಪಿಲ್ಲ. ಆದರೆ ಕಂಪನಿಯ ಪಟ್ಟಿಯಲ್ಲಿ ಒಂದು ವಿಷಯವಿತ್ತು. ಆ ಮೊಬೈಲಿನಿಂದ 9.41ಕ್ಕೆ ಮತ್ತು 10.55ಕ್ಕೆ ಮಂಡಿಯ ಎರಡನೇ ಲೈನಿಗೆ ಕರೆ ಹೋಗಿತ್ತು. ತಿರುಗಿಸಿದ್ದು, ಬಿಡಿಸಿದ್ದು. ಕರೆ ಮಾಡಿದವನು ಬಿಳಿಗೆರೆಯ ಟವರಿನ ಆಸುಪಾಸಿನಲ್ಲಿದ್ದ.

ಐದರಲ್ಲಿ 10.12, 10.31, 10.44ರ ಮೂರು ಕರೆ ಗಿಡ್ಡಯ್ಯನವು. ಉಳಿದ ಎರಡನ್ನು ಮಂಡಿಗೆ ಮಾಡಿದವರು ಯಾರೆಂದು ಮತ್ತೆ ಎಕ್ಸ್‌ಚೇಂಜನ್ನು ಹಿಡಿದು ಕೇಳಬೇಕಾಯಿತು. ಉತ್ತರಕ್ಕೆ ಒಂಬತ್ತು ದಿನ ಹಿಡಿಯಿತು. ಎರಡೂ ಕಿಬ್ಬನಹಳ್ಳಿಯಿಂದ, ವೀರಭದ್ರಯ್ಯ ಎಂಬವರ ಮನೆಯಿಂದ.

ವೀರಭದ್ರಯ್ಯ ಪೊಲೀಸರನ್ನು ಕಂಡು ಗಾಬರಿಯಾದರು. ವಿಷಯ ಕೇಳಿದ ಮೇಲೆ ಮುಖ ಅರಳಿತು.

"ಓ, ಅದಾ! ನಮ್ಮ ಜೀವಿತಾಗೆ ಒಂದು ಗಂಡು ಬಂದಿತ್ತು ಸಾರ್. ಹುಡುಗ ಕೆಲಸ ಮಾಡೋ ಕಡೆ ಒಂದ್ಮಾತು ವಿಚಾರಿಸ್ದೇ ಹೆಣ್ಣು ಕೊಡೋದುಂಟಾ? ಸೋಮವಾರ ಹತ್ತಕ್ಕೆ ಮಾಡಿ, ಸಾವ್ಕಾರ್ರು ಸಿಕ್ತಾರೆ ಅಂತ ಹುಡುಗನೇ ಹೇಳಿದ್ದ. ಶಂಭುಲಿಂಗಯ್ಯನೋರೇ ಮಾತಾಡಿದ್ರು. ನಮ್ಮ ಮ್ಯಾನೇಜರು, ಮಗನಿದ್ದಂಗೆ ಅಂದ್ರು. ಆಮೇಲೆ ನಮ್ಮ ಭಾಮೈದನೂ ಬಂದು ಮಾತಾಡ್ದ. ಬರೋ ಭಾನುವಾರ ನಿಶ್ಚಿತಾರ್ಥ."

"ಹುಡುಗನ ಹೆಸರು?"

"ಬಸವಕುಮಾರ್. ಬಿಳಿಗೆರೆ."

ಸಂಜೆ ನಾಲ್ಕಕ್ಕೆ ಹಾಲಸ್ವಾಮಿ ಮತ್ತೆ ಮಂಡಿಗೆ ಬಂದು ಶಂಭುಲಿಂಗಯ್ಯನವರ ಎದುರು ಕೂತರು. "ಸತ್ಯ ಹೇಳಿ ಯಜಮಾನ್ರೇ. ಆ ಪೆಟ್ಟಿಗೆ ತಿರುಗಿಸೋಕೆ ನಿಮಗೆ ಬರುತ್ತಾ?"

ಸಾಹುಕಾರರು ತಲೆ ತಗ್ಗಿಸಿದರು. "ಇಲ್ಲ ಕಣ್ರೀ. ಎತ್ತೋದು ಇಡೋದು ಬಿಟ್ರೆ ಏನೂ ಬರಲ್ಲ. ನಾಲ್ಕು ಜನದ ಮುಂದೆ ಬರಲ್ಲ ಅನ್ನೋಕೆ ನಾಚಿಕೆ. ನಾನು ದೆಹಲಿಗೆ ಹೋದಾಗೆಲ್ಲ ಬಸವನೇ ತಿರುಗಿಸ್ಕೊಡ್ತಾನೆ. ಸೋಮವಾರ ಜ್ವರ ಅಂತ ರಜ ಹಾಕಿದ್ದ."

ಬಸವಕುಮಾರ್ ಹಿಂದಿನ ಅಂಗಳದಲ್ಲಿ ತಕ್ಕಡಿಯ ಪಕ್ಕ ಕೂತು ತೂಕದ ಚೀಟಿ ಬರೆಯುತ್ತಿದ್ದ. ಮೂವತ್ತನಾಲ್ಕರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ಕಣ್ಣ ಕೆಳಗೆ ಕಪ್ಪು.

"ಭಾನುವಾರ ನಿಶ್ಚಿತಾರ್ಥವಂತೆ?" ಎಂದರು ಹಾಲಸ್ವಾಮಿ.

ಅವನು ಪೆನ್ನಿನ ಟೋಪಿ ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡು ಎದ್ದು ನಿಂತ. "ಎಷ್ಟ್ ದಿನಕ್ಕೆ ಬತ್ತೀರಾ ಅಂತ ಕಾಯ್ತಿದ್ದೆ ಸಾರ್. ಊಟ ಸೇರ್ತಿಲ್ಲ," ಎಂದ.

ದಿನಾಂಕ 8-12-2004, ಸಂಜೆ 4.40ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಸಿಮ್ಮನ್ನು ಅವನೇ ತೂಕದ ಕಲ್ಲುಗಳ ಪೆಟ್ಟಿಗೆಯಿಂದ ತೆಗೆದುಕೊಟ್ಟ. ಪಂಚರ ಸಮಕ್ಷಮ ಜಪ್ತಿಯಾಯಿತು.

ಠಾಣೆಯಲ್ಲಿ ಅವನ ಹೇಳಿಕೆ ಬರೆದುಕೊಂಡದ್ದು ಓಬಳೇಶ್.

"ಇದಕ್ಕೂ ಮುಂಚೆ ಎರಡು ಸಂಬಂಧ ಬಂದಿದ್ವು ಸಾರ್. ಎರಡು ಸಲಾನೂ ಹೆಣ್ಣಿನ ಕಡೆಯೋರು ಮಂಡಿಗೆ ಫೋನ್ ಮಾಡಿದ್ರು. ಸಾವ್ಕಾರ್ರು ಸುಳ್ಳು ಹೇಳೋರಲ್ಲ. ಒಳ್ಳೇ ಹುಡುಗ, ತಕ್ಕಡಿ ಹತ್ರ ಚೀಟಿ ಬರೀತಾನೆ ಅಂದ್ರು. ಎರಡೂ ಮುರ್ದೋದ್ವು. ಈ ಸಲ ನಾನೇ ಸಾವ್ಕಾರ್ ಆಗೋಣ ಅಂತ..."

"ಗಿಡ್ಡಯ್ಯ ಫೋನ್ ಮಾಡ್ದಾಗ?"

"ಗಾಬರಿಯಾಯ್ತು. ಜೀಪ್ ಕಳಿಸ್ತೀನಿ ಅಂದ್ಬಿಟ್ಟೆ. ಸಾವ್ಕಾರ್ ಥರ ಮಾತಾಡ್ತಿದ್ನಲ್ಲ, ಹಂಗೇ ಬಂದ್ಬಿಡ್ತು."

"ಮಂಡಿಗೆ ಹೇಳ್ಬೇಕು ಅಂತ ಹೊಳೀಲಿಲ್ವಾ?"

"ಹೊಳೀಲಿಲ್ಲ ಸಾರ್."

ಹಾಲಸ್ವಾಮಿ ಎಕ್ಸ್‌ಚೇಂಜಿನ ಪಟ್ಟಿಯನ್ನು ಅವನ ಮುಂದಿಟ್ಟು 10.31ರ ಮೇಲೆ ಬೆರಳಿಟ್ಟರು. ಅವನು ಅಳತೊಡಗಿದ.

"ಹೊಳೀತು. ತಿರುಗಿಸಿದ್ದನ್ನ ಬಿಡಿಸೋಕೆ ಒಂದು ನಿಮಿಷ ಸಾಕಿತ್ತು. ಬಿಡಿಸಿದ್ರೆ ಗಿಡ್ಡಯ್ಯನ ಫೋನು ಮಂಡಿಗೇ ಹೋಗ್ತಿತ್ತು, ಜೀಪು ಹೊರಡ್ತಿತ್ತು. ಆದ್ರೆ ಹುಡುಗಿ ಸೋದರಮಾವ ಇನ್ನೂ ಮಾತಾಡ್ಬೇಕಿತ್ತು. ಹತ್ತು ನಿಮಿಷಕ್ಕೆ ಏನಾಗ್ತದೆ ಬುಡು ಅಂದ್ಕೊಂಡೆ. ಮೂರನೇ ಸಲ ಗಿಡ್ಡಯ್ಯನೇ ಇರ್ಬೇಕು ಅನ್ನಿಸ್ತು, ಎತ್ತಲಿಲ್ಲ. ಹತ್ತು ಐವತ್ತಕ್ಕೆ ಸೋದರಮಾವ ಮಾಡ್ದ."

"ಏನಂದ?"

"ಹುಡುಗ ಹೇಳಿದ ಮಾತು ನಡೆಸ್ತಾನಾ ಅಂತ ಕೇಳ್ದ."

"ನೀನೇನಂದೆ?"

"ನಡೆಸ್ತಾನೆ ಅಂದೆ ಸಾರ್."

ಓಬಳೇಶ್ ಅದನ್ನೂ ಬರೆದ. ಹೇಳಿಕೆಯನ್ನು ಓದಿ ಹೇಳಿದಾಗ ಬಸವಕುಮಾರ್ ಒಂದಕ್ಷರವನ್ನೂ ತಿದ್ದಲಿಲ್ಲ, ಸಹಿ ಹಾಕಿದ. ಕೆಟ್ಟವನಲ್ಲ. ಒಂದು ಬೆಳಗಿನ ಮಟ್ಟಿಗೆ ದೊಡ್ಡವನಾಗಲು ಹೋದ, ಆ ಒಂದು ಬೆಳಗಿನಲ್ಲಿ ಒಬ್ಬನ ಜೀವ ಇವನ ಕೈಗೆ ಬಂದಿತ್ತು.

ಮರುದಿನ ಹಾಲಸ್ವಾಮಿ ತಾವೇ ಹಟ್ಟಿಗೆ ಹೋದರು. ಹಟ್ಟಿಯ ಹಿರಿಯರೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದರು: ಜೀಪು ಹೊರಡಲೇ ಇಲ್ಲ, ಹೊರಟಿದೆ ಎಂದವನು ಬೇರೆ, ಅವನನ್ನು ಹಿಡಿದಿದ್ದೇವೆ, ಈ ಹೆಂಗಸಿನ ತಪ್ಪು ಎಳ್ಳಷ್ಟೂ ಇಲ್ಲ. ಹಿರಿಯರು ತಲೆಯಾಡಿಸಿದರು. ಒಬ್ಬ ಮುದುಕಿ ಕ್ಯಾತಮ್ಮನ ಬೆನ್ನು ಸವರಿದಳು.

ಕ್ಯಾತಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಅವರು ಹೊರಟಾಗ ಹಟ್ಟಿಯ ಬೇಲಿಯವರೆಗೂ ಹಿಂದೆ ಬಂದಳು.

"ನೀವು ಹೇಳಿದ್ದು ಸರಿ ಸಾಮಿ. ಆದ್ರೆ ಅವ್ನು ಆಟೋ ನೋಡಿ ಕೈ ಎತ್ತಿದ್ದ. ಹೋಗಾಣ ಕಣೇ ಅಂದಿದ್ದ. ನಾನೇ ಆ ಕೈ ಹಿಡ್ದು ಕೆಳಗಿಟ್ಟೆ."

ಹಾಲಸ್ವಾಮಿ ಬೈಕಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅವಳ ಜೊತೆ ಬೇಲಿಯ ಪಕ್ಕ ನಿಂತರು.