ಎಲ್ಲಿ, ನೋಡೋಣ

ಇಪ್ಪತ್ತೆರಡು ವರ್ಷಗಳಿಂದ ತಮ್ಮ ರಿಪೇರಿ ಮಾಡಿ ಮುಗಿಸಿದ ಒಂದೊಂದು ಮೆಷಿನ್ನನ್ನೂ ಅಣ್ಣ ಮತ್ತೆ ಬಿಚ್ಚಿ ನೋಡುತ್ತಿದ್ದ. ಅದೂ ಗಿರಾಕಿಯ ಎದುರಿಗೇ. ಕೈ ಒರೆಸಿಕೊಳ್ಳುತ್ತ ಬಂದು "ಎಲ್ಲಿ, ನೋಡೋಣ" ಎನ್ನುವುದು, ತಮ್ಮ ಆಗಷ್ಟೇ ಬಿಗಿದ ಸ್ಕ್ರೂಗಳನ್ನು ಒಂದೊಂದಾಗಿ ಕಳಚುವುದು. ಹತ್ತರಲ್ಲಿ ಒಂಬತ್ತು ಸಲ ಏನೂ ಸಿಗುತ್ತಿರಲಿಲ್ಲ. ಸಿಕ್ಕಿದ ಸಲ ಯಾರಿಗೂ ಹೇಳದೆ ತಾನೇ ಸರಿಮಾಡಿ, ಸ್ಕ್ರೂಗಳ ತಲೆಯ ಮೇಲಿನ ಗೀರೆಲ್ಲ ನೆಟ್ಟಗೆ ನಿಲ್ಲುವ ಹಾಗೆ ಬಿಗಿದು, ತಮ್ಮನ ಬೆನ್ನು ತಟ್ಟಿ ಹೋಗುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೆನ್ನು ತಟ್ಟುವವನನ್ನು ಏನು ಮಾಡುವುದು?

ಎಂಜಿನ್ನಿನಿಂದ ಓಡುವ ವೆಲ್ಡಿಂಗ್ ಜನರೇಟರಿನ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ತಮ್ಮನ ಗಟ್ಟಿ ಅಭಿಪ್ರಾಯ. ಮೆಷಿನ್ ಒಂದೇ ಆದರೂ ಅದರ ಹೊಟ್ಟೆಯಿಂದ ಕರೆಂಟಿಗೆ ಎರಡು ದಾರಿ. ಒಂದು ವೆಲ್ಡಿಂಗ್ ರಾಡಿಗೆ, ಇನ್ನೊಂದು ದೀಪವನ್ನೋ ಗ್ರೈಂಡರನ್ನೋ ಓಡಿಸುವ ಸಾಕೆಟ್ಟಿಗೆ. ಕೆಟ್ಟದ್ದು ಯಾವ ದಾರಿಯಲ್ಲಿದೆ ಎಂದು ಅವನು ಸದ್ದು ಕೇಳಿಯೇ ಅರ್ಧ ಹೇಳಿಬಿಡುತ್ತಿದ್ದ. ಉಳಿದರ್ಧಕ್ಕೆ ಮೀಟರ್ ಹಿಡಿಯುತ್ತಿದ್ದ. ಅದನ್ನು ಕಲಿಸಿದವನು ಅಣ್ಣ ಎಂಬುದನ್ನು ನೆನೆಸಿಕೊಳ್ಳಲು ಮಾತ್ರ ಅವನಿಗೆ ಇಷ್ಟವಿರಲಿಲ್ಲ.

ಶಾಲೆಯ ಹಿಂದಿನ ಕಾಂಪೌಂಡಿಗೆ ಕಂಬಿ ಕೂರಿಸುವ ಕೆಲಸ ಮೊದಲ ಬಾರಿಗೆ ತಮ್ಮನ ಹೆಸರಿಗೇ ಬಂತು. ಅಣ್ಣ ತಟ್ಟೆಯಿಂದ ತಲೆ ಎತ್ತದೆ, "ಒಂದ್ಸಲ ನಾನೂ ಬಂದು ನೋಡ್ತೀನಿ ಬಿಡು" ಅಂದ. ಅತ್ತಿಗೆ ನಕ್ಕರು. ಅವರದು ಕೆಟ್ಟ ನಗುವಲ್ಲ. ಆದರೂ ಊಟ ಮುಗಿಸಿ ಏಳುವ ಹೊತ್ತಿಗೆ ತಮ್ಮ ತೀರ್ಮಾನ ಮಾಡಿಯಾಗಿತ್ತು.

ಮಧ್ಯಾಹ್ನ ಎರಡರಿಂದ ಮೂರರವರೆಗೆ ಅಂಗಡಿಯಲ್ಲಿ ಅಣ್ಣ ಒಬ್ಬನೇ. ಹಳೆಯ ಸಾಮಾನು ತುಂಬಿದ ಅಟ್ಟಕ್ಕೆ ದಿನವೂ ಹತ್ತುತ್ತಾನೆ. ಏಣಿ ಜಾರಿತು ಎಂದು ಜನ ಹೇಳಬೇಕು. ಹೇಳದಿದ್ದರೆ? ಅಣ್ಣತಮ್ಮಂದಿರ ಮುಸುಕಿನ ಗುದ್ದಾಟ ಬೀದಿಗೆಲ್ಲ ಗೊತ್ತಿತ್ತು. ಆದ್ದರಿಂದ ಆ ಹೊತ್ತಿನಲ್ಲಿ ತಾನು ಕಾಂಪೌಂಡಿನ ಹಿಂದೆ ವೆಲ್ಡಿಂಗ್ ಮಾಡುತ್ತಿದ್ದೆ ಎಂಬುದಕ್ಕೆ ಸಾಕ್ಷಿ ಬೇಕಿತ್ತು. ಸಾಕ್ಷಿ ಗೋಡೆಯಾಚೆಯೇ ಇದ್ದಳು. ಬಟ್ಟೆ ಹೊಲಿಯುತ್ತ ಕೂರುವ ದರ್ಜಿಯಮ್ಮ, ಮೊದಲ ದಿನವೇ "ಕಿವಿ ತೂತು ಬೀಳ್ತಿದೆಯಪ್ಪ" ಎಂದು ದೂರಿದ್ದವಳು.

ಕಷ್ಟವಿದ್ದದ್ದು ಸದ್ದಿನಲ್ಲಿ. ರಾಡು ಕಿಡಿ ಹಾರಿಸಿದಾಗ ಎಂಜಿನ್ ಗುಡುಗುತ್ತದೆ, ರಾಡು ಎತ್ತಿದರೆ ತುಸು ಹೊತ್ತಿಗೆ ಇಳಿಯುತ್ತದೆ. ಸುಮ್ಮನೆ ಒಂದೇ ಸಮ ಓಡಿದರೆ ದರ್ಜಿಯಮ್ಮನಿಗೂ ಅನುಮಾನ ಬಂದೀತು. ಅವನು ಎರಡು ಇಸ್ತ್ರಿ ಪೆಟ್ಟಿಗೆಗಳನ್ನು ತಂದು ಸಾಕೆಟ್ಟಿಗೆ ಸಿಕ್ಕಿಸಿ ನೋಡಿದ. ಅವು ಕಾದು ತಾವೇ ಆರುತ್ತವೆ, ತಣಿದು ತಾವೇ ಹೊತ್ತಿಕೊಳ್ಳುತ್ತವೆ. ಎಂಜಿನ್ ಅದೇ ತಾಳಕ್ಕೆ ಏರಿತು, ಇಳಿಯಿತು, ಥೇಟ್ ವೆಲ್ಡಿಂಗ್. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು.

ಕಂಬಿಗಳನ್ನು ಎರಡು ದಿನ ಮೊದಲೇ ಬೆಸೆದು ಟಾರ್ಪಾಲಿನಡಿ ಮುಚ್ಚಿಟ್ಟ. ಆ ದಿನ ಊಟಕ್ಕೆ ಮನೆಗೆ ಹೋಗಿ ಒಂದೂವರೆಗೆ ಮರಳಿದ. ಟಾರ್ಪಾಲು ಸರಿಸಿ, ಉರಿದ ರಾಡಿನ ತುಂಡುಗಳನ್ನು ನೆಲಕ್ಕೆ ಚೆಲ್ಲಿದ. ಎಂಜಿನ್ ಚಾಲೂ ಮಾಡಿ, ಪೆಟ್ಟಿಗೆಗಳನ್ನು ಸಿಕ್ಕಿಸಿ, ಗೋಡೆಯಾಚೆ ದರ್ಜಿಯಮ್ಮ ಗೊಣಗುವುದನ್ನು ಕೇಳಿಸಿಕೊಂಡೇ ಹಿಂದಿನ ಓಣಿಗೆ ಇಳಿದ.

ಅಂಗಡಿಯಲ್ಲಿ ಅಣ್ಣ ಏಣಿಯ ತುದಿಯಲ್ಲಿದ್ದ. ತಲೆ ಅಟ್ಟದೊಳಗೆ, ಕೈ ಡಬ್ಬಗಳ ನಡುವೆ.

"ಬಂದ್ಯಾ? ನಿನಗೇ ಅಂತ ಒಂದು ಸಾಮಾನು ಹುಡುಕ್ತಿದ್ದೆ. ಏಣಿ ಸ್ವಲ್ಪ ಹಿಡ್ಕೋ."

ತಮ್ಮ ಹಿಡಿದುಕೊಂಡ. ಆಮೇಲೆ ಎಳೆದ. ಕೆಳಗೆ ಹಳೆಯ ಎಂಜಿನ್ ಬ್ಲಾಕ್ ಇತ್ತು. ಏಣಿಯ ಬುಡವನ್ನು ಒರೆಸಿ ಓಣಿಗೆ ಬಂದಾಗ ದೂರದಿಂದ ಅವನ ಮೆಷಿನ್ ಗುಡುಗುವುದು ಕೇಳುತ್ತಿತ್ತು, ಅವನಿಲ್ಲದೆಯೇ ಅವನ ಕೆಲಸ ನಡೆದಿತ್ತು. ಮರಳಿದವನು ರಾಡು ಮುಟ್ಟದೆ, ಐದರ ತನಕ ಅದನ್ನು ಹಾಗೇ ಓಡಲು ಬಿಟ್ಟು, ಆಮೇಲೆ ಪೆಟ್ಟಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ.

ಏಣಿ ಜಾರಿತು ಎಂದೇ ಜನ ಹೇಳಿದರು. ತಮ್ಮನಿಗೆ ಸಮಾಧಾನವಾಗಬೇಕಿತ್ತು. ಆದರೆ ಪಕ್ಕದ ಮನೆಯ ಮಿಕ್ಸಿ ಏರಿ ಇಳಿದರೆ ಅವನ ಎದೆ ಜೊತೆಗೇ ಏರಿ ಇಳಿಯುತ್ತಿತ್ತು. ನೀರಿನ ಪಂಪು ನಿಂತ ಮೇಲಿನ ಮೌನದಲ್ಲಿ, ಹಾಡುಹಗಲಲ್ಲೇ, ಹೆಗಲ ಹಿಂದೆ ಯಾರೋ ಕೈ ಒರೆಸಿಕೊಂಡಂತಾಗುತ್ತಿತ್ತು. ತಾನು ಬಿಗಿದ ಸ್ಕ್ರೂಗಳನ್ನು ಈಗ ತಾನೇ ಮತ್ತೆ ಬಿಚ್ಚಿ ನೋಡುತ್ತಿದ್ದ, ಒಂದಲ್ಲ, ಮೂರು ಸಲ. ಕಾಂಪೌಂಡಿನ ಹಿಂದೆ ಬಿಟ್ಟು ಬಂದ ಮೆಷಿನ್ನಿನತ್ತ ತಲೆ ಹಾಕಲು ಮಾತ್ರ ಆಗಲಿಲ್ಲ. ಅವನಿಗೆ ಭಯವಾಗುತ್ತಿತ್ತು.

ಹನ್ನೊಂದನೆಯ ದಿನ ಇನ್ಸ್‌ಪೆಕ್ಟರ್ ಅವನನ್ನು ಅಲ್ಲಿಗೇ ಕರೆಸಿಕೊಂಡರು. ದರ್ಜಿಯಮ್ಮ ಗೋಡೆಯ ಬಳಿ ನಿಂತಿದ್ದಳು.

"ಊಟ ಆದ್ಮೇಲೆ ಐದರ ತನಕ ಇದರಲ್ಲೇ ವೆಲ್ಡಿಂಗ್ ಮಾಡಿದ್ರಿ, ಅಲ್ವಾ?"

"ಹೂಂ ಸಾರ್. ಬೇಕಾದ್ರೆ ಈ ಅಮ್ಮನ್ನೇ ಕೇಳಿ."

"ಕೇಳಿದೀನಿ. ಒಂದು ತುಂಡು ಬೆಸೆದು ತೋರಿಸಿ."

ಎಂಜಿನ್ ಒಂದೇ ಎಳೆತಕ್ಕೆ ಹತ್ತಿಕೊಂಡಿತು. ತಮ್ಮ ರಾಡು ಹಿಡಿದು ಕಬ್ಬಿಣಕ್ಕೆ ತಾಗಿಸಿದ. ಟಕ್ ಎಂದಿತು, ಅಷ್ಟೆ. ಮತ್ತೆ ತಾಗಿಸಿದ. ಕಿಡಿಯಿಲ್ಲ. ಭಯಕ್ಕಿಂತ ಮೊದಲು ಎದ್ದದ್ದು ಇಪ್ಪತ್ತೆರಡು ವರ್ಷಗಳ ಅಭ್ಯಾಸ. ಸಾಕೆಟ್ಟಿಗೆ ದೀಪ ಸಿಕ್ಕಿಸಿದ, ಜಗ್ಗನೆ ಹೊತ್ತಿತು. ಹಾಗಾದರೆ ಎಂಜಿನ್ ಸರಿ, ಕಾರ್ಬನ್ ಬ್ರಶ್ ಸರಿ. ಕೇಬಲ್ಲಿಗೆ ಮೀಟರ್ ಹಿಡಿದ, ಅದೂ ಸರಿ. ಉಳಿದದ್ದು ರಾಡಿಗೆ ಕರೆಂಟು ಕಳಿಸುವ ಡಯೋಡ್ ಪಟ್ಟಿ. "ಇಲ್ಲೇ ಇರ್ಬೇಕು ಸಾರ್, ಒಂದ್ನಿಮಿಷ" ಎಂದು ಹಿಂಬದಿಗೆ ಬಂದು ಸ್ಕ್ರೂಡ್ರೈವರ್ ಎತ್ತಿದವನ ಕೈ ಅಲ್ಲೇ ನಿಂತಿತು. ಮುಚ್ಚಳದ ನಾಲ್ಕೂ ಸ್ಕ್ರೂಗಳ ಗೀರುಗಳು ನೆಟ್ಟಗಿದ್ದವು.

ಒಳಗೆ ಡಯೋಡ್ ಪಟ್ಟಿಯ ಜಾಗ ಖಾಲಿ. ಇನ್ಸ್‌ಪೆಕ್ಟರ್ ಒಂದು ಮಾಸಿದ ಚಿಂದಿ ಬಟ್ಟೆಯನ್ನು ಮೆಷಿನ್ನಿನ ಮೇಲಿಟ್ಟು ಬಿಡಿಸಿದರು. ಬಿರುಕುಬಿಟ್ಟ ಆ ಪಟ್ಟಿ ಅದರಲ್ಲಿತ್ತು. "ಸತ್ತಾಗ ನಿಮ್ಮಣ್ಣನ ಜೇಬಲ್ಲಿದ್ದದ್ದು" ಅಂದರು. ದರ್ಜಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆವತ್ತು ನೀನು ಊಟಕ್ಕೆ ಹೋದಾಗ ನಿಮ್ಮಣ್ಣ ಬಂದಿದ್ರಪ್ಪ. ಬಿಚ್ಚಿ ನೋಡಿ, ಇದು ಕೈ ಕೊಡುತ್ತೆ, ಅಟ್ಟದಲ್ಲಿ ಹೊಸದಿದೆ, ತಂದು ಹಾಕ್ತೀನಿ, ಅವನಿಗೆ ಹೇಳ್ಬೇಡಿ, ನೊಂದ್ಕೋತಾನೆ ಅಂದ್ರು. ಆಮೇಲೆ ಸದ್ದು ಕೇಳ್ತಲ್ಲ, ಹಾಕಿರ್ಬೇಕು ಅಂದ್ಕೊಂಡೆ." ತಮ್ಮ ಆ ಖಾಲಿ ಜಾಗವನ್ನೇ ನೋಡುತ್ತ ನಿಂತ. ಆ ಮಧ್ಯಾಹ್ನ ಮೆಷಿನ್ನಿಗೆ ಎರಡು ಇಸ್ತ್ರಿ ಪೆಟ್ಟಿಗೆ ಕಾಯಿಸುವಷ್ಟು ಶಕ್ತಿಯಿತ್ತು. ಒಂದೇ ಒಂದು ಕಿಡಿ ಹಾರಿಸಲು ಅದರಿಂದ ಆಗುತ್ತಿರಲಿಲ್ಲ.