ಟೆಂಪೊದ ಚಾವಿ

ಸಾವರ್ಡೆ ರಸ್ತೆಯ ತಿರುವಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಕಮಲಾಕರನ ಟೋಪಿ ಮಾತ್ರ ಉಳಿದಿತ್ತು. ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಅವನ ಜೀವ ಹೋಗಿತ್ತು.

ಪಿಎಸ್‌ಐ ಪ್ರಾಚಿ ಪಕ್ಕದ ಟೆಂಪೊ ನೋಡಿದಳು. ಕೆ.ಎ. ನಂಬರಿನ, ಹೊರರಾಜ್ಯದ ಗಾಡಿ. ಮುಂದಿನ ಬಂಪರ್ ನೆಗ್ಗಿತ್ತು. ಚಾವಿ ಇರಲಿಲ್ಲ.

"ಏನ್ ನೋಡಿದಿ? ಹೇಳು."

ಕಾನ್‌ಸ್ಟೇಬಲ್ ಪರಶು ಸೆಟೆದು ನಿಂತ. ಇವತ್ತು ಕಮಲಾಕರನ ಜೊತೆ ಡ್ಯೂಟಿಯಲ್ಲಿದ್ದವನು ಅವನೊಬ್ಬನೇ. "ನಾ ಜೀಪ್ ತಗೊಂಡು ಚಾ ತರಾಕ ಹೋಗಿದ್ನಿ ಮೇಡಂ. ವಾಪಸ್ ಬರೂ ಮುಂದ ದೂರದಿಂದ ನೋಡೇನಿ. ಸಾಹೇಬ್ರು ಕೈ ಮಾಡಿದ್ರು. ಟೆಂಪೊ ನಿಲ್ಲಸಲೇ ಇಲ್ಲ. ಸೀದಾ ಬಂದು ಹೊಡೀತು. ಡ್ರೈವರ್ ಇಳದು ಓಡಿದ."

"ಚಾವಿ?"

"ತಗೊಂಡೇ ಓಡಿರಬೇಕ್ರಿ."

ಡ್ರೈವರ್ ಹುಲಿಗೆಪ್ಪ ಆಗಲೇ ಸಿಕ್ಕಿಬಿದ್ದಿದ್ದ. ಅಂಗಿಯ ತುಂಬ ರಕ್ತ. ಆದರೆ ಸಿಕ್ಕಿದ್ದು ಆರೋಗ್ಯ ಕೇಂದ್ರದ ಬಾಗಿಲಲ್ಲಿ. ಆಂಬುಲೆನ್ಸ್ ಕಳಿಸಿ ಎಂದು ಗೋಗರೆದವನೂ ಅವನೇ. ಕೊಂದು ಓಡುವವನು ಅಲ್ಲಿಗೇಕೆ ಓಡಿದ? ಪ್ರಾಚಿಗೆ ಅದು ಹಿಡಿಸಲಿಲ್ಲ.

*

ಠಾಣೆ ಕುದಿಯುತ್ತಿತ್ತು. ತಮ್ಮವನೊಬ್ಬ ಸತ್ತಿದ್ದಾನೆ. ಒಬ್ಬಿಬ್ಬರು ಹೊಡೆಯಲು ಆಗಲೇ ಅಂಗಿಯ ತೋಳು ಮಡಚಿದ್ದರು. ಹೊರಗೆ ಹುಲಿಗೆಪ್ಪನ ಹೆಂಡತಿ ಫಕೀರವ್ವ ನೆಲಕ್ಕೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಇವತ್ತು ಸಂಜೆಯೊಳಗೆ ಸತ್ಯ ಸಿಗದಿದ್ದರೆ ಅವಳ ಗಂಡನ ಮೂಳೆ ಉಳಿಯುತ್ತಿರಲಿಲ್ಲ.

ಹುಲಿಗೆಪ್ಪ ಕುಂಡಯಿ ಕಾರ್ಖಾನೆಯ ಮಾಲು ಸಾಗಿಸುವವನು. ಏನು ಕೇಳಿದರೂ ಒಂದೇ ಮಾತು. "ನಾ ಹೊಡದಿಲ್ರಿ ಬಾಯಾರ."

"ಮತ್ತ ಯಾರು?"

ಅವನು ಸುತ್ತಲಿನ ಖಾಕಿ ನೋಡಿ ತಲೆ ತಗ್ಗಿಸಿದ.

ಸತ್ತವನ ಬಗ್ಗೆ ಆಡಬಾರದು, ಆದರೂ ಹೇಳಲೇಬೇಕು. ಕೆ.ಎ. ನಂಬರ್ ಕಂಡರೆ ಕಮಲಾಕರನ ಸೀಟಿ ತಾನಾಗಿ ಬಾಯಿಗೆ ಹೋಗುತ್ತಿತ್ತು. ಕಾಗದ ಕೇಳುವ ಮೊದಲೇ ಕಿಟಕಿಯೊಳಗೆ ಕೈ ಹಾಕಿ ಚಾವಿ, ಮೊಬೈಲು ಕಿತ್ತು ಕಿಸೆಗಿಳಿಸುತ್ತಿದ್ದ. ಚಾವಿ ಬಿಟ್ಟರೆ ಡ್ರೈವರ್ ಪರಾರಿ ಎಂಬುದು ಅವನ ಗಟ್ಟಿ ನಂಬಿಕೆ.

ಪ್ರಾಚಿ ಅಂಗಳಕ್ಕೆ ಬಂದಳು. ಎಳೆದು ತಂದ ಟೆಂಪೊದ ಬಂಪರ್ ಮುಟ್ಟಿ ನೋಡಿದಳು. ನೆಗ್ಗಿದ ಕಡೆ ತುಕ್ಕು ಹಿಡಿದಿತ್ತು. ಹಳೇ ಪೆಟ್ಟು. ಪಕ್ಕದಲ್ಲೇ ಪರಶುವಿನ ಜೀಪು. ಮೈಯೆಲ್ಲ ಗಣಿಯ ಕೆಂಪು ಧೂಳು. ಹಿಂಭಾಗ ಮಾತ್ರ ತೊಳೆದಿಟ್ಟ ತಾಟಿನಂತೆ ಹೊಳೆಯುತ್ತಿತ್ತು. ಅವಳು ಬಗ್ಗಿ ಬಂಪರಿನ ಕೆಳಗೆ ಕೈ ಆಡಿಸಿದಳು.

ಅಷ್ಟರಲ್ಲಿ ಆಸ್ಪತ್ರೆಯಿಂದ ಕಮಲಾಕರನ ವಸ್ತುಗಳು ಬಂದವು. ಸೀಟಿ, ಎರಡು ಮೊಬೈಲು, ಹಳದಿ ದಾರ ಕಟ್ಟಿದ ಒಂದು ಚಾವಿ.

"ಕೈ ಕಿಸೆಯ ಮ್ಯಾಲೆ ಬಿಗಿಯಾಗಿತ್ತಂತ್ರಿ," ಎಂದ ತಂದವನು. "ಬಿಡಸಾಕ ಕಷ್ಟ ಆತಂತ."

*

ಪ್ರಾಚಿ ಚಾವಿಯನ್ನು ಪರಶುವಿನ ಮುಂದಿಟ್ಟಳು.

"ಟೆಂಪೊ ನಿಲ್ಲಸಲೇ ಇಲ್ಲ ಅಂದಿ?"

"ಹೌದ್ರಿ."

"ಇದು ಅದರ ಚಾವಿ. ಹಾಕಿ ನೋಡೇನಿ, ಚಾಲೂ ಆತು. ಕಮಲಾಕರನ ಕಿಸೇದಾಗ ಸಿಕ್ಕೈತಿ, ಹುಲಿಗೆಪ್ಪನ ಮೊಬೈಲ್ ಸಂಗಾಟ. ನಿಲ್ಲದ ಗಾಡಿಯಿಂದ ಚಾವಿ ಹ್ಯಾಂಗ ಕಿತ್ಕೊಂಡ?"

ಪರಶು ಬಾಗಿಲ ಕಡೆ ನೋಡಿದ. "ಡ್ರೈವರ್ ಕಡೆ ಬ್ಯಾರೆ ಚಾವಿ ಇರಬೇಕ್ರಿ..."

"ಇರಲಿ. ಆದ್ರೂ ಗಾಡಿ ಮೊದಲ ನಿಂತಿತ್ತು. ನೀ ಸುಳ್ಳು ಯಾಕ ಹೇಳಿದಿ? ಜೀಪಿನ ಹಿಂದಷ್ಟ ಯಾಕ ತೊಳದಿ? ಬಂಪರಿನ ಕೆಳಗ ಕಮಲಾಕರನ ಪ್ಯಾಂಟಿನ ಎಳಿ ಸಿಕ್ಕಾವ. ಅಲ್ಲಿಗೆ ನೀರು ಮುಟ್ಟಿಲ್ಲ."

ಪರಶು ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಒಂದು ಕಾರು ನಿಲ್ಲಸದೆ ಹೋತ್ರಿ. ಬೆನ್ನು ಹತ್ತಬೇಕಂತ ಜೀಪ್ ರಿವರ್ಸ್ ತಗೊಂಡೆ. ಸಾಹೇಬ್ರು ಹಿಂದಿದ್ರು. ನೋಡಲಿಲ್ಲ."

"ಅದು ಅಪಘಾತ. ಬಿಟ್ಟು ಓಡಿ ಜೀಪ್ ತೊಳದದ್ದು?"

"ಅಂಜಿದ್ನಿ ಮೇಡಂ. ಕೆ.ಎ. ಗಾಡಿ ಅಲ್ಲೇ ಇತ್ತು. ಎಲ್ಲಾರೂ ನಂಬತಾರ ಅನಿಸ್ತು."

ನಂಬಿದ್ದರು ಕೂಡ. ತೋಳು ಮಡಚಿದವರು ಈಗ ಸದ್ದಿಲ್ಲದೆ ಬಿಚ್ಚಿಕೊಂಡರು.

*

ಹುಲಿಗೆಪ್ಪನಿಗೆ ಪ್ರಾಚಿ ನೀರು ಕೊಟ್ಟಳು. ಈಗ ಅವನು ಬಾಯಿ ಬಿಟ್ಟ.

"ನಾ ಸೀಟಿನ ಕೆಳಗ ಕಾಗದ ಹುಡುಕಾಕತ್ತಿದ್ನಿ. ಸಪ್ಪಳಾತು. ಇಳದು ನೋಡಿದ್ರ ಸಾಹೇಬ್ರು ಬಿದ್ದಿದ್ರು. ಜೀಪ್ ಹೊಂಟಿತ್ತು. ಬರೂ ಗಾಡಿಗೆಲ್ಲಾ ಕೈ ಮಾಡೇನಿ, ಯಾರೂ ನಿಂದರಲಿಲ್ಲ. ಅದಕ್ಕ ಓಡೇನಿ."

"ಜೀಪಿನ ಮಾತು ಮೊದಲ ಯಾಕ ಹೇಳಲಿಲ್ಲ?"

"ಪೊಲೀಸರ ಮ್ಯಾಲೆ ಪೊಲೀಸರ ಮುಂದ ಹೇಳೂದಾ ಬಾಯಾರ?"

ಸ್ವಲ್ಪ ಬೇಗ ತಂದಿದ್ದರೆ ಕಮಲಾಕರ ಬದುಕುತ್ತಿದ್ದ ಎಂದಿದ್ದರು ಡಾಕ್ಟರು. ಆ ಮಾತು ಪ್ರಾಚಿಯನ್ನು ಕೊರೆಯುತ್ತಿತ್ತು. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು.

"ಚಾವಿ ಅವನ ಕಿಸೇದಾಗಿತ್ತಲ್ಲೋ. ತಗೊಂಡು ಟೆಂಪೊದಾಗ ಹಾಕ್ಕೊಂಡು ಹೋಗಬೇಕಿತ್ತು."

ಹುಲಿಗೆಪ್ಪ ಲೋಟ ಕೆಳಗಿಟ್ಟ. ಕಣ್ಣಲ್ಲಿ ನೀರಿತ್ತು.

"ಕೈ ಹಾಕಿದ್ನಿ ಬಾಯಾರ. ಸಾಹೇಬ್ರು ಕಣ್ಣು ತೆರದ್ರು. ಕಿಸೆ ಗಟ್ಟಿ ಹಿಡಕೊಂಡ್ರು. ನಿಮ್ಮನ್ನ ದವಾಖಾನಿಗೆ ಒಯ್ಯಾಕರೀ, ಚಾವಿ ಬಿಡ್ರಿ ಅಂತ ಭಾಳ ಕೈ ಮುಗದೆ." ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಅವರು ನಂಬಲಿಲ್ರಿ."